ಗಾಜಿನಿಂದ ಅಳೆಯಬಾರದು

ಅಪ್ಪ ಮೂವತ್ತು ವರ್ಷ ಸಿನಿಮಾ ಕ್ಯಾಮೆರಾ ಬಾಡಿಗೆಗೆ ಕೊಡುವ ಕಡೆ ಅಟೆಂಡರ್ ಆಗಿದ್ದ. ಲೆನ್ಸ್ ಪೆಟ್ಟಿಗೆ ಹೊರುವುದು, ಕ್ಯಾಮೆರಾ ಒರೆಸುವುದು, ನಟರ ಮೂಗಿನ ತನಕ ಟೇಪ್ ಹಿಡಿದು ಎಷ್ಟು ಅಡಿ ಎಂದು ಕೂಗುವುದು ಅವನ ಕೆಲಸ. ಆ ಅಳತೆಗೆ ಲೆನ್ಸಿನ ಮೇಲಿನ ಬಳೆ ತಿರುಗಿಸಿ ಫೋಕಸ್ ಹಿಡಿಯುವವರು ಬೇರೆ. ಅವರು ಓದಿದವರು. ಅಪ್ಪ ಏಳನೇ ಕ್ಲಾಸು.

ಫಿಲಂ ಕಾಲ ಮುಗಿದಾಗ ಯಜಮಾನರು, "ಇದನ್ನ ಇನ್ನು ಯಾರೂ ಕೇಳಲ್ಲ, ಇಟ್ಕೊಳ್ಳಿ" ಎಂದು ಅವನಿಗೊಂದು ಹಳೆಯ ಲೆನ್ಸ್ ಕೊಟ್ಟರು. ಕುರುಬರಹಳ್ಳಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಅದು ಸ್ಟೀಲ್ ಡಬ್ಬಿಯೊಳಗೆ ಕೂತಿತು. ತೇವ ಹಿಡಿಯಬಾರದೆಂದು ಹೊಸ ಚಪ್ಪಲಿ ಡಬ್ಬದಲ್ಲಿ ಬರುವ ಪುಟ್ಟ ಪೊಟ್ಟಣಗಳನ್ನೆಲ್ಲ ಅಪ್ಪ ಅದರೊಳಗೆ ತುಂಬುತ್ತಿದ್ದ. ತಿಂಗಳಿಗೊಮ್ಮೆ ಬಿಸಿಲು ತೋರಿಸುತ್ತಿದ್ದ. ಆಯುಧಪೂಜೆಗೆ ಬಳೆಯ ಮೇಲೆ ಒಂದೇ ಜಾಗದಲ್ಲಿ ಕುಂಕುಮ ಇಡುತ್ತಿದ್ದ. ವರ್ಷವರ್ಷ ಇಟ್ಟು ಅಲ್ಲೊಂದು ಗಟ್ಟಿ ಗಂಟೇ ಆಗಿತ್ತು.

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಹಗಲು ಜೆರಾಕ್ಸ್ ಅಂಗಡಿ, ಸಂಜೆ ರಾಜಾಜಿನಗರದ ಕಾಲೇಜು. ಮೀಡಿಯಾ ಓದಿ, ವಿಜಯನಗರದ ಒಂದು ಸ್ಟುಡಿಯೋದಲ್ಲಿ ಮದುವೆ ವಿಡಿಯೋ ತೆಗೆಯುವ ಕೆಲಸಕ್ಕೆ ಸೇರಿದೆ. ಬೇಕಿದ್ದದ್ದು ಸಿನಿಮಾ. ಒಬ್ಬ ಹಿರಿಯ ಛಾಯಾಗ್ರಾಹಕರಿಗೆ ಸಹಾಯಕಿಯಾಗಿ ಸೇರಿಸಿಕೊಳ್ಳಿ ಎಂದು ಬರೆದಿದ್ದೆ. ಅವರು ಉತ್ತರಿಸಿದರು: "ಒಂದೇ ಶಾಟ್ ಕಳಿಸು. ದೂರದಿಂದ ಒಬ್ಬರು ನಡೆದು ಕ್ಯಾಮೆರಾ ಹತ್ತಿರ ಬರಬೇಕು. ಕಟ್ ಇಲ್ಲ, ಆಟೋಫೋಕಸ್ ಇಲ್ಲ. ಮುಖ ಎಲ್ಲೂ ಮಸುಕಾಗಬಾರದು. ಆಮೇಲೆ ನೋಡೋಣ."

ಆಷಾಢ, ಮದುವೆಗಳಿಲ್ಲ. ಸ್ಟುಡಿಯೋದವರು ಮರುದಿನ ಸಂಜೆ ನಾಲ್ಕರ ತನಕ ಡಿಜಿಟಲ್ ಕ್ಯಾಮೆರಾ ಕೊಟ್ಟರು. ಮೊದಲ ದಿನ ಅದರ ಹೊಸ ಲೆನ್ಸಿನಲ್ಲಿ ಅಮ್ಮನನ್ನು ತೆಗೆದು ನೋಡಿದೆ. ಆಧಾರ್ ಕಾರ್ಡಿನ ಫೋಟೊದ ಹಾಗಿತ್ತು. ಅಲ್ಲದೆ ಆ ಲೆನ್ಸಿನ ಬಳೆ ಎಷ್ಟು ತಿರುಗಿಸಿದರೂ ಸುತ್ತುತ್ತಲೇ ಇರುತ್ತದೆ, ಮೇಲೆ ಅಡಿಯ ಗುರುತೇ ಇಲ್ಲ. ಆಗ ಡಬ್ಬಿ ನೆನಪಾಯಿತು. ಹಳೆಯ ಲೆನ್ಸನ್ನು ಹೊಸ ಕ್ಯಾಮೆರಾಗೆ ಕೂರಿಸುವ ಲೋಹದ ಅಡಾಪ್ಟರನ್ನು ಸ್ನೇಹಿತೆಯಿಂದ ತಂದೆ. ಲೆನ್ಸ್ ಕೂತಿತು. ಪರದೆಯ ಮೇಲೆ ನಮ್ಮ ಗಲ್ಲಿಯೇ ಬೇರೆ ಗಲ್ಲಿಯಾಯಿತು. ನೆರಳು ಕಪ್ಪಾಗದೆ ಕಂದು ಬಣ್ಣಕ್ಕೆ ತಿರುಗಿತು, ಎದುರುಮನೆಯ ನೀಲಿ ಗೋಡೆ ತಣ್ಣಗಾಯಿತು.

ಕುಂಕುಮದ ಗಂಟನ್ನು ಸೂಜಿಯಿಂದ ಕೆರೆಯಲು ಹೋದೆ. "ಅದನ್ನ ಮುಟ್ಬೇಡ ಕಣಮ್ಮ" ಎಂದ ಅಪ್ಪ.

"ಸರಿ. ನೀನು ಜಗಲಿ ಮೇಲೆ ಕೂತ್ಕೊ ಅಪ್ಪ. ಇದು ಡಿಜಿಟಲ್, ನಾನ್ ನೋಡ್ಕೋತೀನಿ."

ಹಾಗೆ ಹೇಳಬಾರದಿತ್ತು. ಅವನು ಹೋಗಿ ಕೂತ.

ಅಪ್ಪನ ಹಳೆಯ ಬಟ್ಟೆ ಟೇಪಿನ ತುದಿಯನ್ನು ಲೆನ್ಸಿನ ಮುಂಗಾಜಿಗೆ ಹಿಡಿದು ಅಳೆದೆ. ಇಪ್ಪತ್ತಡಿ, ಹತ್ತಡಿ, ಆರಡಿ, ನಾಲ್ಕಡಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಅಮ್ಮ ಕೊತ್ತಂಬರಿ ಕಟ್ಟನ್ನು ಎದೆಗೆ ಹಿಡಿದು ಗಲ್ಲಿಯ ತುದಿಯಿಂದ ನಡೆದು ಬಂದಳು. ಅವಳು ಒಂದೊಂದು ಗೆರೆ ದಾಟಿದಂತೆ ನಾನು ಬಳೆಯನ್ನು ಆ ಅಂಕಿಗೆ ತಿರುಗಿಸಿದೆ. ದೂರದಲ್ಲಿ ಚೆನ್ನಾಗಿತ್ತು. ಹತ್ತಿರ ಬಂದಾಗ ಕೊತ್ತಂಬರಿಯ ಎಲೆ ಎಲೆಯೂ ಸ್ಪಷ್ಟ, ಅಮ್ಮನ ಮುಖ ಮಸುಕು. ಐದು ಸಲ ತೆಗೆದೆ. ಐದು ಸಲವೂ ಕೊತ್ತಂಬರಿಯೇ ನಾಯಕಿ.

"ಸೊಪ್ಪು ಬಾಡೋಯ್ತು. ಇನ್ನು ಇದರಲ್ಲಿ ಚಟ್ನಿನೂ ಆಗಲ್ಲ" ಎಂದಳು ಅಮ್ಮ.

ಎರಡೂವರೆ ಆಗಿತ್ತು. "ಲೆನ್ಸ್ ಹಾಳಾಗಿದೆ" ಎಂದೆ. ಅಪ್ಪ ಎದ್ದು ಬಂದ. ಕನ್ನಡಕ ಹಾಕಿಕೊಂಡ. ಪರದೆ ನೋಡಲೇ ಇಲ್ಲ, ಕ್ಯಾಮೆರಾದ ನೆತ್ತಿ ನೋಡಿದ. ಅಲ್ಲಿ ಅಡ್ಡಗೆರೆ ಹಾಯ್ದ ಒಂದು ಸಣ್ಣ ಸೊನ್ನೆ ಇದೆ.

"ಇದೇನಮ್ಮ?"

"ಏನೋ ಗುರುತು. ಎಲ್ಲಾ ಕ್ಯಾಮೆರಾದಲ್ಲೂ ಇರುತ್ತೆ."

"ಕಾಲೇಜಲ್ಲಿ ಹೇಳ್ಕೊಡ್ಲಿಲ್ವಾ?" ಕುಹಕವಿರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು ಅವನಿಗೆ. "ಒಳಗೆ ಫಿಲಂ ಕೂರೋ ಜಾಗದ ಗುರುತು ಇದು, ಲೆನ್ಸ್ ಮೇಲಿನ ಅಡಿ ಲೆಕ್ಕ ಇಲ್ಲಿಂದ್ಲೇ ಶುರು. ಆಗ ಇಲ್ಲೊಂದು ಕೊಕ್ಕೆ ಇರ್ತಿತ್ತು, ಟೇಪನ್ನ ಅದಕ್ಕೆ ಸಿಗಿಸ್ತಿದ್ವಿ. ಗಾಜಿನಿಂದ ಅಳೀಬಾರದು. ಅರ್ಧ ಅಡಿ ತಿಂದ್ಹಾಕ್ತೀಯ. ದೂರದಲ್ಲಿ ಗೊತ್ತಾಗಲ್ಲ, ಹತ್ರ ಬಂದಾಗ ಕೈ ಕೊಡುತ್ತೆ."

ನಾಲ್ಕು ವರ್ಷ ಅದೇ ಗುರುತಿನ ಪಕ್ಕದ ಗುಂಡಿ ಒತ್ತಿದ್ದೆ. ಒಂದು ದಿನವೂ ಕೇಳಿರಲಿಲ್ಲ. ಗೊತ್ತಿಲ್ಲ ಅನ್ನುವುದು ಡಿಗ್ರಿ ಮಾಡಿದವಳಿಗೆ ಅವಮಾನ ಎಂದುಕೊಂಡಿದ್ದೆ.

ಗೆರೆಗಳನ್ನೆಲ್ಲ ಅಳಿಸಿ, ಸೊನ್ನೆಯಿಂದ ಮತ್ತೆ ಅಳೆದೆವು. ಅಪ್ಪ ಟೇಪನ್ನು ಅಮ್ಮನ ಮೂಗಿನ ತನಕ ಒಯ್ದ.

"ಮೂವತ್ತು ವರ್ಷ ಹೀರೋಯಿನ್‌ಗಳ ಮೂಗು ಅಳ್ದಿದ್ದು ಸಾಲ್ದಾ? ಈಗ ನಂದಾ?"

"ನಿಂದೇ ಉದ್ದ" ಎಂದು ಅಪ್ಪ ನನ್ನ ಪಕ್ಕ ಬಂದು ನಿಂತ. ಬಳೆಯನ್ನೇ ನೋಡುತ್ತಾ ಕೇಳಿದ: "ನಾನ್ ತಿರುಗಿಸ್ಲಾ?"

ಮೂವತ್ತು ವರ್ಷದಲ್ಲಿ ಒಂದು ಶಾಟಿಗೂ ಆ ಬಳೆಯನ್ನು ಅವನ ಕೈಗೆ ಯಾರೂ ಕೊಟ್ಟಿರಲಿಲ್ಲ. ನಾನು ಕೊಟ್ಟೆ.

ಕನ್ನಡಕವಿದ್ದರೂ ಅವನಿಗೆ ಈಗ ಆ ಸಣ್ಣ ಅಂಕಿಗಳು ಕಾಣುವುದಿಲ್ಲ. ಹೆಬ್ಬೆರಳನ್ನು ಕುಂಕುಮದ ಗಂಟಿನ ಮೇಲಿಟ್ಟ. ಬಿಸಿಲಿಗಿಟ್ಟಾಗಲೆಲ್ಲ ತಿರುಗಿಸಿ ತಿರುಗಿಸಿ, ಗಂಟು ಎಲ್ಲಿ ಬಂದರೆ ಎಷ್ಟು ಅಡಿ ಎಂದು ಬೆರಳಿಗೆ ಗೊತ್ತಿತ್ತು. ಕಣ್ಣು ಅಮ್ಮನ ಪಾದದ ಮೇಲೆ. ಮೊದಲ ಸಲ ಅಮ್ಮ ನಕ್ಕುಬಿಟ್ಟಳು. ಎರಡನೇ ಸಲ ಡೆಲಿವರಿ ಹುಡುಗನ ಬೈಕು ನಡುವೆ ಬಂತು. "ಯಾವ ಸೀರಿಯಲ್ ಐತ್ರೀ ಅಣ್ಣಾ? ದಾರಿ ಬಿಡ್ರಿ, ಊಟ ಆರಾಕತ್ತೈತಿ." ಮೂರನೆಯ ಸಲ ಅಮ್ಮ ಗಲ್ಲಿಯ ತುದಿಯಿಂದ ಕೊನೆಯ ಗೆರೆಯ ತನಕ ಬಂದಳು. ರೆಪ್ಪೆಯ ಕೂದಲು ಎಣಿಸಬಹುದಿತ್ತು, ಆದರೂ ಮುಖ ಮೃದುವಾಗಿತ್ತು. ಮೂರೂ ಮುಕ್ಕಾಲಿಗೆ ಲೆನ್ಸ್ ಬಿಚ್ಚಿ, ಕ್ಯಾಮೆರಾ ವಾಪಸು ಕೊಡಲು ಓಡಿದೆ.

ಶಾಟ್ ಕಳಿಸಿದ ಎರಡು ದಿನದ ಮೇಲೆ ಆ ಛಾಯಾಗ್ರಾಹಕರ ಫೋನ್ ಬಂತು. "ಫೋಕಸ್ ಹಿಡಿದಿದ್ದು ಯಾರಮ್ಮ?"

ನಾನೇ ಎನ್ನಲು ಬಾಯಿ ತೆರೆದಿದ್ದೆ. ಸುಳ್ಳು ಯಾಕೆ ಹೇಳಲಿ, ಆ ಕ್ಷಣ ಆಸೆಯಾಯಿತು. ಜಗಲಿಯ ಮೇಲೆ ಅಪ್ಪ ಲೆನ್ಸಿಗೆ ಬಿಸಿಲು ತೋರಿಸುತ್ತಾ ಕೂತಿದ್ದ.

"ನಮ್ಮಪ್ಪ, ಸಾರ್. ಅಟೆಂಡರ್ ಆಗಿದ್ರು. ನಾನು ಮೊದ್ಲು ಗಾಜಿನಿಂದ ಅಳ್ದು ಐದು ಸಲ ಕೆಡಿಸ್ದೆ. ಅವರು ತಿದ್ದಿದ್ರು."

ಕೆಲಸ ಹೋಯಿತು ಎಂದುಕೊಂಡೆ.

"ಸೋಮವಾರ ಬಾ. ಆರು ತಿಂಗಳು ಟೇಪ್ ಹಿಡಿಯೋದೇ ಕೆಲಸ. ಆಮೇಲೆ ಬಳೆ ಮುಟ್ಟೋದು. ಆಗುತ್ತಾ?"

"ಆಗುತ್ತೆ ಸಾರ್."

ಅಪ್ಪನ ಕೆಲಸದಿಂದಲೇ ನನ್ನದೂ ಶುರು. ನನಗೆ ಬೇಜಾರಾಗಲಿಲ್ಲ. ಅವನು ನಿಂತ ಕಡೆಯಿಂದ ನಾನು ಮುಂದಕ್ಕೆ ಹೋಗಬಹುದು, ಅಷ್ಟು ಸಾಕು.

ಸೋಮವಾರ ಬೆಳಗ್ಗೆ ಅಪ್ಪ ಬಟ್ಟೆ ಟೇಪನ್ನು ಸುತ್ತಿ ನನ್ನ ಬ್ಯಾಗಿಗೆ ಹಾಕಿದ. "ಮೂಗಿಗೆ ತಾಗಿಸ್ಬೇಡ. ಒಂದಿಂಚು ಇತ್ಲಾಗೇ ನಿಲ್ಸು. ಹೊಸಬರಾದ್ರೆ ಹೆದರ್ತಾರೆ."

"ನನಗೆ ಮಾತ್ರ ತಾಗ್ಸಿದ್ರಲ್ಲ" ಎಂದಳು ಅಮ್ಮ ಒಳಗಿಂದ.

"ನೀನೆಲ್ಲಿ ಹೆದರ್ತೀಯ" ಎಂದ ಅಪ್ಪ.