ಎಡಗೈಯ ಬಾಗು

ನಾನು ಬಡಗಿ. ಹೊಸಪೇಟೆಯಲ್ಲಿ ಬಾಗಿಲು, ಕಿಟಕಿ, ಮಂಚ ಮಾಡಿಕೊಂಡು ನೆಮ್ಮದಿಯಾಗಿದ್ದವನು ನಲವತ್ತೆಂಟನೆಯ ವಯಸ್ಸಿನಲ್ಲಿ ಬಂದೂಕಿನ ಪಂಡಿತನಾದೆ. ಆ ಬಿರುದು ಯಾರೂ ಕೊಟ್ಟದ್ದಲ್ಲ, ನಾನೇ ಇಟ್ಟುಕೊಂಡದ್ದು. ಅದನ್ನು ಇವತ್ತು ನೆನೆದರೆ ಮುಖ ಎಲ್ಲಿಡಲಿ ಅನ್ನಿಸುತ್ತದೆ.

ಕಡ್ಡಿರಾಂಪುರದ ಒಂದು ಹೋಂಸ್ಟೇಗೆ ನಾನು ಮಾಡಿಕೊಟ್ಟ ಕೆತ್ತನೆಯ ಬಾಗಿಲು ನೋಡಿ, ಅಲ್ಲಿ ತಂಗಿದ್ದ ವಿದೇಶಿಯೊಬ್ಬ ನನ್ನ ಅಂಗಡಿಗೆ ಬಂದ. ಅವನ ದೇಶದಲ್ಲಿ ಪರವಾನಗಿ ಇದ್ದವರು ಇವತ್ತಿಗೂ ಬೇಟೆಯಾಡಬಹುದಂತೆ. ಹಳೆಯ ಕಾಲದ ಬೇಟೆ ರೈಫಲ್‌ಗಳನ್ನು ಹೋಲುವ ಹೊಸ ರೈಫಲ್ ಕಟ್ಟುವುದು ಅವನ ಕಸುಬು. ಕಬ್ಬಿಣದ ಕೆಲಸವೆಲ್ಲ ಅವನ ಊರಿನಲ್ಲೇ. ನನ್ನಿಂದ ಬೇಕಾಗಿದ್ದದ್ದು ಭುಜಕ್ಕೆ ಆನಿಸಿಕೊಳ್ಳುವ ಮರದ ಹಿಡಿಯ ಮಾದರಿ ಮಾತ್ರ. ಒಂದು ಕಾಲದಲ್ಲಿ ಸಂಡೂರಿನ ಗುಡ್ಡಗಳಲ್ಲಿ ಓಡಾಡಿದ ರೈಫಲ್‌ಗಳ ಹಿಡಿ ಹೇಗಿತ್ತೋ ಹಾಗೇ ಇರಬೇಕು ಎಂದ.

ಆವತ್ತಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೊಬೈಲಿನಲ್ಲಿ ಹಳೆಯ ಚಿತ್ರಗಳನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಗೋಡೆಯ ಮೇಲೆ ಹಳೆಯ ಫೋಟೋ ಇದೆ ಎಂದು ಯಾರಾದರೂ ಹೇಳಿದರೆ ಸಾಕು, ಬೈಕ್ ಹತ್ತಿ ಹೊರಡುತ್ತಿದ್ದೆ. ಸತ್ತ ಚಿರತೆಯ ಮೇಲೆ ಕಾಲಿಟ್ಟು ನಿಂತ ದೊರೆಗಳನ್ನು ನಾನು ನೋಡುತ್ತಿರಲಿಲ್ಲ, ಪಾಪದ ಚಿರತೆಯನ್ನೂ ನೋಡುತ್ತಿರಲಿಲ್ಲ. ಮರ ಮಾತ್ರ ನೋಡುತ್ತಿದ್ದೆ. ಚಹಾದಂಗಡಿಯಲ್ಲಿ ಕೂತು ಕೇಳಿದವರಿಗೂ ಕೇಳದವರಿಗೂ ಪಾಠ ಹೇಳುತ್ತಿದ್ದೆ. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ. ನನ್ನ ಕೊಡದಲ್ಲಿ ನಾಲ್ಕು ಹನಿಯೂ ಇರಲಿಲ್ಲ.

ಸಂಡೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಎಪ್ಪತ್ತರ ಆಸುಪಾಸಿನ ಅಮ್ಮ ಒಬ್ಬರಿದ್ದರು. ಬೇಟೆಗೆ ಇನ್ನೂ ಅಡ್ಡಿಯಿಲ್ಲದ ದಿನಗಳಲ್ಲಿ ಅವರ ತಂದೆ ದೊಡ್ಡವರ ಜೊತೆ ಕಾಡಿಗೆ ಹೋಗಿ ದಾರಿ ತೋರಿಸುತ್ತಿದ್ದವರು. ದೊರೆಯೊಬ್ಬ ಊರು ಬಿಡುವಾಗ ಹಳೆಯ ರೈಫಲ್ ಒಂದನ್ನು ಅವರಿಗೆ ಕೊಟ್ಟಿದ್ದನಂತೆ. ಅದರ ಹಿಡಿಯನ್ನು ಅವರು ಸಂಡೂರಿನಲ್ಲೇ ಹೊಸದಾಗಿ ಮಾಡಿಸಿಕೊಂಡಿದ್ದರಂತೆ. ಮುಂದೆ ಬಂದೂಕನ್ನು ಠಾಣೆಗೆ ಒಪ್ಪಿಸುವ ಹೊತ್ತಿಗೆ ಹಿಡಿ ನಳಿಗೆಯಿಂದ ಕಳಚಿಕೊಂಡಿತ್ತು. ಕಟ್ಟಿಗೆಗೆ ಎಂಥ ಲೈಸೆನ್ಸು ಎಂದು ಪೊಲೀಸರೇ ಅದನ್ನು ವಾಪಸು ಕೊಟ್ಟಿದ್ದರು. ಆ ಹಿಡಿ ದೇವರ ಜಗುಲಿಯ ಮೇಲಿತ್ತು. ಆಯುಧಪೂಜೆಯ ದಿನ ಅದಕ್ಕೆ ವಿಭೂತಿ, ಕುಂಕುಮ, ಚೆಂಡುಹೂವು. ಪೂಜೆ ಮುಗಿದ ಮೇಲೆ ಅಮ್ಮ ಅದನ್ನು ಒಂದೇ ಒಂದು ಸಲ ಭುಜಕ್ಕೆ ಆನಿಸಿ ಕೆನ್ನೆ ಇಟ್ಟು ಮತ್ತೆ ಜಗುಲಿಗೆ ಇಡುವರು. ಅಮ್ಮ ಸಣ್ಣವರಿದ್ದಾಗ ತಂದೆ ಹಾಗೆ ಕಲಿಸಿದ್ದರಂತೆ.

"ಕೆನ್ನಿ ಇಟ್ಟರ ನಮ್ಮಪ್ಪನ ಬಾಜೂಕ ಕುಂತಂಗ ಆಗತೈತ್ರಿ ಬಡಿಗ್ಯಾರ," ಎಂದಿದ್ದರು.

ನಾನು ಹೂಂ ಎಂದು ಟೇಪು ಹಿಡಿದು ಉದ್ದ ಅಳೆದೆ. ತೂಕ ಕೇಳಿದೆ. ಮರ ಯಾವುದೆಂದು ಉಗುರಿನಲ್ಲಿ ಕೆರೆದು ನೋಡಿದೆ. ಆ ಮನುಷ್ಯ ಹೇಗಿದ್ದ, ಹೇಗೆ ಹಿಡಿಯುತ್ತಿದ್ದ ಎಂದು ಮಾತ್ರ ಒಂದು ಮಾತೂ ಕೇಳಲಿಲ್ಲ. ಹದಿನೈದು ದಿನದಲ್ಲಿ ತಂದುಕೊಡುತ್ತೇನೆ ಎಂದು ಹೇಳಿ ಹಿಡಿಯನ್ನು ಹೊಸಪೇಟೆಗೆ ಒಯ್ದೆ.

ಅಂಗಡಿಯ ಮೇಜಿನ ಮೇಲಿಟ್ಟು ನೋಡಿದರೆ ಹಿಡಿ ಸೊಟ್ಟ. ಹಿಂಬದಿ ಎಡಕ್ಕೆ ಹೊರಳಿತ್ತು. ನಾನೋ ಬಾಗಿಲು ಮಾಡುವವನು. ಚೌಕಟ್ಟು ಕೂದಲೆಳೆಯಷ್ಟು ವಾರೆಯಾದರೂ ನನಗೆ ಊಟ ಸೇರುವುದಿಲ್ಲ. ಒಲೆಯ ಕಾವಿಗೆ, ವಯಸ್ಸಿಗೆ ಮರ ತಿರುಚಿಕೊಂಡಿದೆ ಎಂದು ತೀರ್ಮಾನಿಸಿದೆ. ಎಲ್ಲ ಕಡೆಯಿಂದ ಫೋಟೋ ತೆಗೆದು ವಿದೇಶಿಗೆ ಕಳಿಸಿದೆ. ಆಮೇಲೆ, ನನ್ನನ್ನು ಯಾರು ಕೇಳಿದ್ದರು, ಅಮ್ಮನಿಗೊಂದು ಉಪಕಾರ ಮಾಡೋಣ ಎಂದು ಹೊರಟೆ. ನೀರಿನ ಹಬೆ ಕೊಟ್ಟು, ಬಿಗಿಯಾಗಿ ಕಟ್ಟಿ, ಮೂರು ದಿನ ಬಿಟ್ಟು ಬಿಚ್ಚಿದೆ. ಹಿಡಿ ದಾರ ಹಿಡಿದಂತೆ ನೆಟ್ಟಗಾಗಿತ್ತು. ಹೆಂಡತಿಯನ್ನು ಕರೆದು ತೋರಿಸಿ ಬೀಗಿದೆ.

ಮರುದಿನ ವಿದೇಶಿಯ ಉತ್ತರ ಬಂತು. ಮಗಳು ಓದಿ ಹೇಳಿದಳು. ಮೇಲಿನಿಂದ ತೆಗೆದ ಚಿತ್ರ ನೋಡಿ ಅವನು ಕುಣಿದಾಡಿದ್ದನಂತೆ. ಆ ಬಾಗು ಮರದ ದೋಷವಲ್ಲ, ಎಡಗೈಯವನೊಬ್ಬನ ಕೆನ್ನೆಗೂ ಕಣ್ಣಿಗೂ ಸರಿಯಾಗಲೆಂದು ಬಡಗಿ ಬೇಕೆಂದೇ ತೆಗೆದದ್ದು, ಅಂಥದ್ದು ಸಿಗುವುದು ಅಪರೂಪ, ಜೋಪಾನವಾಗಿ ನೋಡಿಕೊಳ್ಳಿ ಎಂದು ಬರೆದಿದ್ದ.

"ಗಣಪತಿ ಮಾಡಾಕ ಹೋಗಿ ಅವರಪ್ಪನ್ನ ಮಾಡಿದ್ರಿ," ಎಂದಳು ಹೆಂಡತಿ. ನಗಲಿಲ್ಲ.

ಮತ್ತೆ ಬಾಗಿಸೋಣವೆಂದರೆ ಹಿಡಿಯ ಕೊರಳಿನಲ್ಲಿ ಆಗಲೇ ಸಣ್ಣ ಬಿರುಕು ಬಿಟ್ಟಿತ್ತು. ಇನ್ನೊಮ್ಮೆ ಮುಟ್ಟಿದರೆ ಸೀಳುತ್ತಿತ್ತು. ಯಾವನೋ ಸಂಡೂರಿನ ಬಡಗಿ, ನನ್ನ ಕಸುಬಿನವನೇ, ಒಬ್ಬ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು ಮುಖದ ಅಳತೆ ನೋಡಿ ಮಾಡಿದ್ದ ಕೆಲಸ. ನಾನದನ್ನು ಹಬೆಯಲ್ಲಿ ಬೇಯಿಸಿಬಿಟ್ಟಿದ್ದೆ. ನಾಚಿಕೆಯಿಂದ ಎರಡು ದಿನ ಅಂಗಡಿ ತೆರೆಯಲಿಲ್ಲ.

ನಿಜ ಹೇಳಬೇಕೆಂದೇ ಸಂಡೂರಿನ ಕಡೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅಮ್ಮ ಚಹಾ ಕೊಟ್ಟು, ಹಿಡಿಯನ್ನು ಕಣ್ಣಿಗೊತ್ತಿಕೊಂಡು, ಎಡ ಭುಜಕ್ಕೆ ಆನಿಸಿದರು. ಕೆನ್ನೆ ಇಟ್ಟರು. ತೆಗೆದರು. ಮತ್ತೆ ಇಟ್ಟರು.

"ಮೊದ್ಲಿನಂಗ ಕೂಡವಲ್ದಲ್ರಿ."

ನನ್ನ ಬಾಯಿಂದ ಬಂದ ಮಾತು ಇದು: "ಹಂಗೇ ಐತಮ್ಮಾ. ನೀವು ಎಡಕ ಹಿಡಿದೀರಿ, ಅದಕ್ಕ ಹಂಗ. ಇದು ಬಲಗೈಯವ್ರು ಹಿಡಿಯೋದು."

"ನಮ್ಮಪ್ಪ ಎಡಗೈಲೆ ಹಿಡಿತಿದ್ದ ಅಂತ ನೆನಪಲ್ರಿ ನನಗ?"

"ಆಗ ಭಾಳ ಸಣ್ಣೋರಿದ್ರಿ ನೀವು. ಮರ್ತಿರಬೇಕು."

ಅವರು ಹಿಡಿಯನ್ನು ಮಡಿಲಿಗೆ ಇಳಿಸಿಕೊಂಡು, "ಇರಬೌದ್ರಿ. ನೀವು ಇದ್ರಾಗ ತಿಳಿದೋರು," ಎಂದರು. ಆ ಮಾತಿಗೆ ನಾನು ತಲೆಯಾಡಿಸಿದೆ. ಮರ ಕೆಡಿಸಿದ್ದು ತಿಳಿಯದೆ ಮಾಡಿದ ತಪ್ಪು. ತಲೆಯಾಡಿಸಿದ್ದು ತಿಳಿದೇ ಮಾಡಿದ್ದು.

ಒಂದು ವರ್ಷ ಆ ಕಡೆ ತಲೆ ಹಾಕಲಿಲ್ಲ. ಫೋಟೋದ ಅಳತೆ ಹಿಡಿದು ಎಡಗೈಯ ಬಾಗಿನ ಮಾದರಿ ಮಾಡಿದೆ. ಅದು ಸಮುದ್ರ ದಾಟಿ ಹೋಯಿತು. ಮೆಚ್ಚುಗೆಯೂ ಬಂತು. ಅಂಥ ಕೆಲಸ ಇನ್ನು ಬೇಡ ಎಂದು ತಿಳಿಸಿ ಬಾಗಿಲು, ಕಿಟಕಿಗೆ ವಾಪಸಾದೆ.

ದಸರಾ ಮುಗಿದು ಒಂದು ವಾರವಾಗಿರಬೇಕು. ಹೊಸಪೇಟೆ ಬಸ್ ನಿಲ್ದಾಣದಲ್ಲಿ ಸಂಡೂರು ಬಸ್ಸಿಗೆ ಕಾಯುತ್ತ ಅಮ್ಮ ಕೂತಿದ್ದರು. ನಾನು ಹೊರಳಿ ಹೋಗಬೇಕೆನ್ನುವಷ್ಟರಲ್ಲಿ ಅವರೇ ಕಂಡು ಕರೆದರು.

"ಬರ್ರಿ ಬಡಿಗ್ಯಾರ, ಕುಂದ್ರಿ. ನಿಮ್ಮ ಸುದ್ದೀನ ಆತು ನೋಡ್ರಿ ನಮ್ಮ ಮನಿಯಾಗ."

ಕಂಪ್ಲಿಯಲ್ಲಿ ಅವರಿಗೊಬ್ಬ ಅಕ್ಕ. ಪ್ರತಿ ಮಹಾನವಮಿಗೆ ತಂಗಿಯ ಮನೆಗೆ ಬಂದು ಒಟ್ಟಿಗೆ ಪೂಜೆ ಮಾಡುವುದು ರೂಢಿ. ಈ ಸಲ ಅಮ್ಮ ಹಿಡಿಯನ್ನು ಬಲ ಭುಜಕ್ಕೆ ಆನಿಸಿದ್ದು ನೋಡಿ ಅಕ್ಕ, ಅಪ್ಪ ಎಡಗೈಯವನಲ್ಲವೇನೇ ಎಂದಿದ್ದಾಳೆ. ಅಲ್ಲ, ಬಲಗೈ, ತಿಳಿದವರು ಹೇಳಿದ್ದಾರೆ ಎಂದು ತಂಗಿ.

"ನಿನಗ ಮರಿವು ಹತ್ತೈತಿ ಅಂದುಬಿಟ್ಟೆ ನಾನು. ಅದಕ್ಕ ಅಕ್ಕ, ಅಪ್ಪನ ಕೈ ತೊಳದಾಕಿ ನಾನು, ನನಗ ಮರಿವೇನ, ಅಂದು ಚೀಲ ತಗೊಂಡು ಹೋದಾಕಿ ಫೋನ್ ಸೈತ ಎತ್ತವಲ್ಲಳ್ರಿ. ಕಡಿಗಾಲದಾಗ ಅಪ್ಪನ್ನ ನೋಡಿಕೊಂಡಾಕಿ ಆಕೀನ."

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಶಿಫ್ಟಿಗೆ ಹೊರಟವರು ಬಸ್ಸಿಗೆ ನುಗ್ಗುತ್ತಿದ್ದರು. ಆ ಗದ್ದಲದಲ್ಲಿ ಹೇಳಿದೆ. ಹಿಡಿ ಎಡಕ್ಕೇ ಬಾಗಿತ್ತು, ನೆಟ್ಟಗೆ ಮಾಡಿದವನು ನಾನು, ನಿಮ್ಮ ನೆನಪೇ ಸರಿ, ಸುಳ್ಳು ನನ್ನದು. ಕೊನೆಯ ಮಾತನ್ನು ಎರಡು ಸಲ ಹೇಳಬೇಕಾಯಿತು.

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ನನ್ನ ಮೊಬೈಲ್ ಇಸಿದುಕೊಂಡು, ಬಾಯಿಪಾಠವಿದ್ದ ನಂಬರನ್ನು ಒಂದೊಂದೇ ಒತ್ತಿ ನನ್ನ ಕೈಗೆ ಕೊಟ್ಟರು.

"ನನ್ನ ನಂಬರ್ ಎತ್ತಂಗಿಲ್ಲ ಆಕಿ. ನನಗ ಹೇಳಿದ್ದು ಆಕಿಗೆ ಹೇಳ್ರಿ."

ಹೇಳಿದೆ. ಬೈಯಲಿ ಎಂದು ಕಾದೆ. ಬೈದಿದ್ದರೆ ಅರ್ಧ ಭಾರ ಇಳಿಯುತ್ತಿತ್ತು.

"ನಮ್ಮ ತಂಗಿ ಬಾಜೂಕ ಅದಾಳೇನ್ರಿ?" ಎಂದಿತು ಮುದಿ ದನಿ. "ಊಟ ಮಾಡ್ಯಾಳೇನು ಕೇಳ್ರಿ."

ಅಮ್ಮನಿಗೆ ಅದು ಕೇಳಿಸಿತ್ತು. ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದರು. ಸಂಡೂರು ಬಸ್ಸು ಬಂದು ನಿಂತಿದ್ದರೂ ಅದನ್ನು ಬಿಟ್ಟು ಕಂಪ್ಲಿ ಬಸ್ಸಿನ ಕಡೆ ಹೊರಟರು. ಅವರ ಚೀಲ ಭಾರವಿತ್ತು. ನಾನು ಓಡಿಹೋಗಿ ಅದಕ್ಕೆ ಕೈ ಹಾಕಿದೆ. ಅವರು ಮೆಲ್ಲಗೆ ಚೀಲವನ್ನು ಆಚೆ ಸರಿಸಿಕೊಂಡರು.

"ಬಿಡ್ರಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನೀವೇನೂ ಮಾಡಬ್ಯಾಡ್ರಿ."