ತೌಡಿಗೆ ಕೊಂಡ ಕೂಸು

ಐವತ್ತರ ದಶಕದ ಮೊದಲಲ್ಲಿ ಖಾನೇಷುಮಾರಿ ಬಂದಾಗ, ಮನೆಮನೆ ತಿರುಗಿ ಜನರ ಹೆಸರು, ಹುಟ್ಟು, ವಯಸ್ಸು ಬರೆಯುವ ಕೆಲಸವನ್ನು ಶಾಲೆಯ ಮೇಷ್ಟರುಗಳಾದ ನಮಗೆ ವಹಿಸಿದ್ದರು. ಬೆಳಗಿನ ಅರ್ಘ್ಯ ಕೊಟ್ಟು ಹೊರಟರೆ ತೆರಕಣಾಂಬಿಯ ಸುತ್ತಿನ ಹಳ್ಳಿಗಳನ್ನು ಬಿಸಿಲಲ್ಲಿ ನಡೆದು, ಮಾಧ್ಯಾಹ್ನಿಕವೂ ತಪ್ಪಿ, ಒಣಗಿದ ಗಂಟಲಲ್ಲಿ ಹಿಂತಿರುಗುತ್ತಿದ್ದೆ. ತಿಥಿ, ನಕ್ಷತ್ರ ಹೇಳಿಕೊಂಡು ಬೆಳೆದ ನನಗೆ, "ಹುರುಳಿ ಕೀಳೋವಾಗ ಹುಟ್ದ" ಎಂಬ ಉತ್ತರದಿಂದ ವಯಸ್ಸು ಕಟ್ಟುವುದೇ ದೊಡ್ಡ ಆಯಾಸ.

ಒಂದು ಮನೆಯ ಜಗಲಿಯಲ್ಲಿ ಕೂಲಿಯ ಹೆಂಗಸೊಬ್ಬಳು ಮಗುವಿಗೆ ಮುದ್ದೆ ತಿನ್ನಿಸುತ್ತಿದ್ದಳು. ಗಂಡುಕೂಸಾದರೂ ಅದರ ಮೂಗು ಚುಚ್ಚಿಸಿದ್ದರು.

"ನಿನ್ನ ಮಗನೇನಮ್ಮ?"

ಅವಳ ಕೈ ನಿಂತಿತು. "ನಂದಲ್ಲ ಅಯ್ನೋರೆ. ಪಕ್ಕದ್ ಮನೆ ಅಜ್ಜೀದು."

ಪಕ್ಕದ ಮನೆಯಿಂದ ಒಂಟಿ ಮುದುಕಿ ಹೊರಬಂದಳು. "ಈ ವಯಸ್ಸಿನಲ್ಲಿ ನಿನಗೆ ಮಗುವೇ?" ಎಂದೆ.

"ಯಾಕೆ, ಬಾಣಂತನಕ್ಕೆ ನಿಮ್ಮನ್ನೇನಾದ್ರೂ ಕರೆದ್ನಾ? ಮೊರದ್ ತುಂಬ ತೌಡು ಕೊಟ್ಟು ತಕ್ಕಂಡಿವ್ನಿ. ನಂದೇ ಕೂಸು ಕಣಿ, ಬರ್ಕಳಿ."

ಮುದುಕಿಯ ಮಾತಿನಿಂದ ಆಗ ತಿಳಿಯಿತು. ಕೂಲಿ ಹೆಂಗಸಿನ ಹಿಂದಿನ ಕೂಸುಗಳು ತೊಟ್ಟಿಲಲ್ಲೇ ತೀರಿಹೋಗಿದ್ದವು. ಇದು ಹುಟ್ಟಿದೊಡನೆ, ಸಾವಿನ ಕಣ್ಣು ತಪ್ಪಿಸಲು, ತಾಯಿ ಇದರ ಮೂಗು ಚುಚ್ಚಿಸಿ, ತಿಪ್ಪೆಯ ಮೇಲೆ ಮಲಗಿಸಿ, ತೌಡಿಗೆ ಮುದುಕಿಗೆ ಮಾರಿದ್ದಳು. ತನ್ನದೆಂದು ಒಮ್ಮೆ ಒಪ್ಪಿಕೊಂಡರೆ ಇದೂ ಉಳಿಯದೆಂಬುದು ಅವಳ ಭಯ.

"ಸುಳ್ಳು ಬರೆಯಲಾರೆ ತಾಯಿ. ಕೂಸು ಎಲ್ಲಿ ಉಂಡು ಮಲಗುತ್ತದೆಯೋ ಆ ಮನೆಯಲ್ಲಿ ಬರೆಯಬೇಕೆಂದು ಗುಂಡ್ಲುಪೇಟೆಯ ಕಚೇರಿಯಲ್ಲಿ ಹೇಳಿದ್ದಾರೆ. ಕೆಲವು ದಿನ ಬಿಟ್ಟು ತಾಳೆ ನೋಡಲು ಮತ್ತೆ ಬರುತ್ತೇನೆ" ಎಂದು ಕೂಲಿ ಹೆಂಗಸಿಗೆ ಹೇಳಿದೆ.

ಅವಳು ಒಂದು ಕೈಯಲ್ಲಿ ಮಗುವನ್ನೂ ಇನ್ನೊಂದರಲ್ಲಿ ಅದರ ಚಾಪೆಯನ್ನೂ ಎತ್ತಿಕೊಂಡು ಹೋಗಿ ಮುದುಕಿಯ ಮನೆಯೊಳಗೆ ಇಳಿಸಿ ಬಂದಳು.

ತಾಳೆ ನೋಡಲು ಹೋದಾಗ ಮಗು ಮುದುಕಿಯ ಮಡಿಲಲ್ಲಿ ಉಣ್ಣುತ್ತಿತ್ತು. ಅಂದಿನಿಂದ ಅಲ್ಲೇ ಮಲಗುತ್ತಿದೆಯೆಂದು ಓಣಿಯವರೂ ಹೇಳಿದರು. ತಾಯಿ ತನ್ನ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು. ಮಗು ಅವಳತ್ತ ಕೈಚಾಚಿ ಅತ್ತರೂ ಹೆಜ್ಜೆ ಇಡಲಿಲ್ಲ. ಮುದುಕಿಯ ಮನೆಯಲ್ಲಿ, ಸಾಕುಮಗನೆಂದು ಬರೆದೆ. ಅದರಲ್ಲಿ ಸುಳ್ಳಿರಲಿಲ್ಲ.

ನಾನು ಏಳುತ್ತಿದ್ದಂತೆ ತಾಯಿ ತನ್ನ ಹೊಸ್ತಿಲಿಂದಲೇ ಕೇಳಿದಳು: "ಬರ್ದಾಯ್ತಾ ಅಯ್ನೋರೆ? ಇನ್ನ ಎತ್ಕಬೋದಾ?"

"ಎತ್ತಿಕೊಳ್ಳಮ್ಮ" ಎಂದೆ. ಭಗವಂತನನ್ನು ನೆನೆದು ಮುಂದಿನ ಮನೆಗೆ ನಡೆದೆ. ಹಿಂದೆ ಮಗುವಿನ ಅಳು ನಿಂತಿತು.