ಸೋಮವಾರದ ದ್ರಾಕ್ಷಿ

ಕಳೆದ ವರ್ಷ ಫೆಬ್ರವರಿಯ ಕೊನೆಯ ಸೋಮವಾರ, ಯೆಣೆಗೂರಿನ ಒಂದು ತೋಟದ ವೈನ್ ದ್ರಾಕ್ಷಿ ಕುದುರೆಯ ಮೇಲೆ ಹೆದ್ದಾರಿಗೆ ಬಂತು. ನಾನು ಅಲ್ಲಿದ್ದೆ.

ಅದಕ್ಕೂ ಮೊದಲು ನಾಲ್ಕು ದಿನ, ಮರಾಠಿ ಸೀಮೆಯ ಗಡಿಯಲ್ಲಿರುವ ಈ ಭಾಗದ ದ್ರಾಕ್ಷಿಯ ಬಗ್ಗೆ ಬರೆಯಲೆಂದು ಉದಗೀರ, ನಿಲಂಗಾ, ಉಮರ್ಗಾ ಸುತ್ತಿದ್ದೆ. ಉದಗೀರದ ಕೋಟೆಯೊಳಗೆ ಹಿಂದೆ ದ್ರಾಕ್ಷಿ ಚಪ್ಪರವಿತ್ತು ಎಂದು ಮೂವರು ಹೇಳಿದರು. ಮೂವರೂ ಬೇರೆ ಬೇರೆ ಜಾಗ ತೋರಿಸಿದರು. ನಿಲಂಗಾದಲ್ಲಿ, ಎಂಬತ್ತೈದು ದಾಟಿದ ಹಿರಿಯರೊಬ್ಬರು, ನಿಜಾಮನ ಕಾಲದಲ್ಲಿ ಅಂಗೂರ ಹೈದರಾಬಾದಿನಿಂದ ಹತ್ತಿಯಲ್ಲಿ ಸುತ್ತಿಕೊಂಡು ಬರುತ್ತಿತ್ತು, ಜ್ವರ ಬಂದವರಿಗೆ ಮಾತ್ರ ಕೊಡುತ್ತಿದ್ದರು ಎಂದರು.

"ನಾ ಒಮ್ಮಿ ಸುಳ್ಳ ಜ್ವರ ತಂದ್ಕೊಂಡ ನೋಡೀನ್ರಿ. ಕಷಾಯ ಕುಡಿಸಿದ್ರು."

ಯೆಣೆಗೂರಿನ ತೋಟ ಎರಡೂವರೆ ಎಕರೆ. ಯಜಮಾನರು ಕೊರಳಲ್ಲಿ ಲಿಂಗ ಕಟ್ಟಿದವರು. ಮೂರು ತಲೆಮಾರಿನಿಂದ ಅದೇ ಹೊಲ ಮಾಡುವ ಮನೆತನ. ಸೋಲಾಪುರದ ಆಚೆಯ ಒಂದು ವೈನ್ ಕಾರ್ಖಾನೆಗೆ ಶಿರಾಜ್ ಎಂಬ ಕಪ್ಪು ಹಣ್ಣು ಬೆಳೆದುಕೊಡಲು ಒಪ್ಪಿಕೊಂಡಿದ್ದರು. ಅದು ಮೊದಲ ಕೊಯ್ಲು. ಆ ಮನೆಯಲ್ಲಿ ಯಾರೂ ವೈನ್ ಕುಡಿದಿಲ್ಲ, ಆ ಮಾತನ್ನೂ ಆಡುವುದಿಲ್ಲ. 'ಕಾರ್ಖಾನಿ ಹಣ್ಣ' ಎನ್ನುತ್ತಾರೆ. ಹಣ್ಣು ಸಣ್ಣದು, ಬೀಜ ದಪ್ಪ. ಬಜಾರಿನಲ್ಲಿ ಯಾರೂ ಕೊಳ್ಳುವುದಿಲ್ಲ. ಕಾರ್ಖಾನೆ ಬೇಡವೆಂದರೆ ವರ್ಷದ ಬೆಳೆ ಹೋದಂತೆ.

ಹಣ್ಣಿನ ಸಕ್ಕರೆ ನೂರಕ್ಕೆ ಇಪ್ಪತ್ತನಾಲ್ಕು ದಾಟಿದರೆ ಕಾರ್ಖಾನೆ ತೆಗೆದುಕೊಳ್ಳುವುದಿಲ್ಲ. ಅಳೆಯುವುದು ಸೊಸೆಯ ಕೆಲಸ. ಉದಗೀರದ ಕಾಲೇಜಿನಲ್ಲಿ ಓದಿದವರು. ಹಣ್ಣು ಹಿಂಡಿ ಒಂದು ಹನಿಯನ್ನು ಗೇಣುದ್ದದ ಕೊಳವೆಯ ಗಾಜಿನ ಮೇಲೆ ಬಿಟ್ಟು, ಬೆಳಕಿನತ್ತ ಹಿಡಿದು ನೋಡುತ್ತಾರೆ. ಭಾನುವಾರ ಸಂಜೆ ಇಪ್ಪತ್ತಮೂರೂವರೆ ಇತ್ತು. ಬಿಸಿಲಿಗೆ ದಿನಕ್ಕೆ ಅರ್ಧದಂತೆ ಏರುತ್ತಿತ್ತು. ಲಾರಿ ಬರುವುದು ಸೋಮವಾರ. ಅದು ತಪ್ಪಿದರೆ ಶುಕ್ರವಾರ.

ತೊಡಕು ಸಾಲಿನದು. ಟ್ರ್ಯಾಕ್ಟರ್ ಹೋಗುವಂತೆ ಸಾಲಿನ ನಡುವೆ ಒಂಬತ್ತು ಅಡಿ ಬಿಡಿ ಎಂದು ಕಾರ್ಖಾನೆಯವರು ಹೇಳಿದ್ದರು. ಯಜಮಾನರು ದೇವಣಿಯಿಂದ ತಂದ ತಮ್ಮ ಎತ್ತುಗಳನ್ನು ಬಂಡಿಗೆ ಹೂಡಿ ಹೊಲದಲ್ಲಿ ನಿಲ್ಲಿಸಿ, ಅದರ ಅಗಲ ನೋಡಿ ಆರು ಅಡಿ ಬಿಟ್ಟರು. ಬಳ್ಳಿ ಬದುವಿನ ತನಕ ನೆಟ್ಟರು. ಟ್ರ್ಯಾಕ್ಟರ್ ಒಳಗೆ ಹೋಗುವುದಿಲ್ಲ, ಹೊರಗೆ ತಿರುಗುವುದಿಲ್ಲ. ಬಂಡಿ ಹೋಗುತ್ತದೆ. ಆದರೆ ಸೋಮವಾರ ಬಸವಣ್ಣನ ವಾರ. ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಸಾಲು ಅಳೆಯುವಾಗ ವಾರದ ಲೆಕ್ಕ ಯಾರಿಗೂ ಹೊಳೆದಿರಲಿಲ್ಲ.

"ಮಾವಾರ, ನಾಳೆನೇ ಲಾರಿ ಅದ," ಎಂದರು ಸೊಸೆ.

"ಮಂಗಳವಾರ ಬಾ ಅನ್ನು."

"ಲಾರಿಗಿ ವಾರ ಇಲ್ರಿ."

"ಎತ್ತಿಗಿ ಅದ," ಎಂದರು ಯಜಮಾನರು.

"ಶುಕ್ರವಾರಕ್ಕ ಹಣ್ಣ ಇಪ್ಪತ್ತೈದ ದಾಟ್ತದ. ಆಮ್ಯಾಲ ಮನ್ಯಾಗ ಕೂತು ತಿನ್ನೋಣ್ರಿ, ಬೀಜ ಉಗುಳ್ಕೋತ."

ಯಜಮಾನರು ಎದ್ದು ಎತ್ತುಗಳಿಗೆ ಮೇವು ಹಾಕಿದರು.

ಸೋಮವಾರ ಬೆಳಕು ಹರಿಯುತ್ತಲೇ ಒಂಬತ್ತು ಹೆಂಗಸರು ಗೊನೆ ಕತ್ತರಿಸತೊಡಗಿದರು. ಕ್ರೇಟುಗಳು ಸಾಲಿನಲ್ಲೇ ತುಂಬಿ ನಿಂತವು. ಹೊರಲು ಇದ್ದವರು ಯಜಮಾನರು ಮತ್ತು ಅವರ ಮಗ. ಹೆದ್ದಾರಿಗೆ ಅರ್ಧ ಮೈಲಿ. ಎಂಟಕ್ಕೆ ಲಾರಿ ಬಂತು. ಚಾಲಕ ಮರಾಠಿಯಲ್ಲಿ, "ಕಾಕಾ, ದಹಾ ವಾಜತಾ ನಿಘಣಾರ," ಎಂದ. ಹತ್ತಕ್ಕೆ ಹೊರಡುತ್ತೇನೆ ಎಂದು.

ಪಕ್ಕದ ಹೊಲದಲ್ಲಿ ಬೀರಪ್ಪನ ಒಕ್ಕಲಿನ ಒಂದು ಕುಟುಂಬ ಕುರಿ ಹಿಂಡು ನಿಲ್ಲಿಸಿತ್ತು. ಗುಡಾರ, ಪಾತ್ರೆ ಹೊರಲು ಅವರಿಗೆ ಒಂದು ಕುದುರೆ. ಆ ಮನೆಯ ಹಿರಿಯ ಹೆಂಗಸು ಬದುವಿನ ಮೇಲೆ ಕೂತು ಬೆಳಗಿನಿಂದ ಎಲ್ಲ ನೋಡುತ್ತಿದ್ದರು.

"ಯಜಮಾನ್ರ, ಎತ್ತ ಎಲ್ಲಿ?"

"ಸೋಮವಾರ ಅಲ್ಲೇನವ್ವ."

"ದಾರೂಗ ಹಣ್ಣ ಕಳಸ್ಲಿಕ್ಕ ಸೋಮವಾರ ನಡೀತದ, ಎತ್ತಿಗಿ ನೊಗ ಇಡ್ಲಿಕ್ಕ ನಡ್ಯಾಂಗಿಲ್ಲ. ಛಲೋ ಅದ ರೀ ನಿಮ್ಮ ಧರ್ಮ."

"ನಾವು ಹಣ್ಣ ಕೊಡ್ತೀವಿ. ಮುಂದಿಂದು ಅವರದು."

"ಕುದರಿ ಒಯ್ಯಿರಿ. ಅದಕ್ಕ ಯಾವ ವಾರೂ ಇಲ್ಲ."

ಯಜಮಾನರು ಕ್ರೇಟು ಕೆಳಗಿಟ್ಟರು. "ಏನ್ ಕೊಡ್ಬೇಕು?"

"ಹಣ್ಣ ಹೋದ ಮ್ಯಾಲ ನಮ್ಮ ಕುರಿ ಒಳಗ ಬಿಡ್ರಿ, ಎಲಿ ಮೇಯ್ತಾವ. ಮೈಲುತುತ್ತ ಹೊಡದೀರೇನ? ಕುರಿ ಸಾಯ್ತಾವ ಅದಕ್ಕ."

"ಮಳಿಗಾಲದಾಗ ಹೊಡದಿದ್ದು. ಅದರ ಮ್ಯಾಲ ಚಾಟ್ನಿ ಆಗ್ಯಾದ, ಹೊಸಾ ಎಲಿ ಅವ," ಎಂದರು ಸೊಸೆ. ಚಾಟ್ನಿ ಎಂದರೆ ಬಳ್ಳಿ ಕತ್ತರಿಸಿ ಹೊಸದಾಗಿ ಚಿಗುರಲು ಬಿಡುವುದು.

"ಹಂಗಾದ್ರ ಒಯ್ಯಿರಿ."

ಕುದುರೆಯ ಬೆನ್ನಿಗೆ ಕಂಬಳಿ ಹಾಸಿ, ಉಣ್ಣೆಯ ಹಗ್ಗದಿಂದ ಅತ್ತ ಎರಡು ಇತ್ತ ಎರಡು ಕ್ರೇಟು ಕಟ್ಟಿದರು. ಸಾಲು ಅದಕ್ಕೆ ಸಾಕಷ್ಟು ಅಗಲವಾಗಿತ್ತು. ಎತ್ತುಗಳು ಬೇವಿನ ನೆರಳಿನಲ್ಲಿ ಮಲಗಿ ಮೆಲುಕು ಹಾಕುತ್ತಿದ್ದವು. ಪ್ರತಿ ಸಲ ದಾಟುವಾಗಲೂ ಕುದುರೆ ಅವುಗಳ ಮೇವಿಗೆ ಬಾಯಿ ಹಾಕಿತು. ಯಾರೂ ತಡೆಯಲಿಲ್ಲ.

ಹತ್ತು ಗಂಟೆಗೆ ಆರು ಸಾಲಿನ ಹಣ್ಣು ಇನ್ನೂ ತೋಟದಲ್ಲಿತ್ತು. ಯಜಮಾನರ ಹೆಂಡತಿ ಚಾಲಕನಿಗೆ ಜೋಳದ ರೊಟ್ಟಿ, ಕಡಲೆಹಿಟ್ಟಿನ ಝುಣಕಾ ತಂದರು. ಊಟಕ್ಕೆ ಐವತ್ತು ನಿಮಿಷ ಹಿಡಿಯಿತು. ನಾಲ್ಕನೇ ರೊಟ್ಟಿಯನ್ನು ಅವನು ಕೇಳಿರಲಿಲ್ಲ. ಹತ್ತು ಐವತ್ತಕ್ಕೆ ಲಾರಿ ಹೊರಟಿತು. ಎರಡು ಸಾಲು ಉಳಿದವು.

ಮಂಗಳವಾರ ಬೆಳಿಗ್ಗೆ ಸೊಸೆಯ ಫೋನಿಗೆ ಕಾರ್ಖಾನೆಯಿಂದ ಸಂದೇಶ ಬಂತು. ಸಕ್ಕರೆ ಇಪ್ಪತ್ತನಾಲ್ಕು, ಮಾಲು ಸ್ವೀಕರಿಸಲಾಗಿದೆ. ಯಜಮಾನರು ಅದನ್ನು ಎರಡು ಸಲ ಓದಿಸಿಕೊಂಡರು. ನಂತರ ಎತ್ತು ಹೂಡಿ, ಸಾಲಿನಲ್ಲಿ ಉಳಿದಿದ್ದ ಖಾಲಿ ಕ್ರೇಟು ತರಲು ಹೋದರು. ಉಳಿದ ಎರಡು ಸಾಲಿನ ಹಣ್ಣನ್ನು ಎಲೆಯ ಜೊತೆ ಕುರಿಗಳು ತಿಂದವು.

ಈ ವರ್ಷದ ಲಾರಿಯ ದಿನವನ್ನು ಕಾರ್ಖಾನೆ ಕಳೆದ ವಾರ ತಿಳಿಸಿದೆ. ಸೋಮವಾರ. ಕುರಿಗಾರರ ಕುಟುಂಬ ಪಕ್ಕದ ಹೊಲಕ್ಕೆ ಬಂದಿದೆ. ಈ ಸಲ ಅವರ ಬಳಿ ಎರಡು ಕುದುರೆಗಳಿವೆ.